ಕೊಡಸಿಗೆ ಕಷಾಯವೂ ಪಂಡಿತರ ನಾಲಿಗೆಯೂ

ಕಹಿಮದ್ದಿನ ಅಂಗಡಿಯಲ್ಲಿ ನಗುವಂಥದ್ದು ಎಂತ ಉಂಟು ಎಂದು ಜನ ಕೇಳುತ್ತಾರೆ. ಬಿಳಿ ದೊರೆಗಳ ಕಾಲದಲ್ಲಿ ಉರ್ವದ ಒಬ್ಬ ಪಂಡಿತರ ಅಂಗಡಿಯಲ್ಲಿ ನಾನು ಏಳು ವರ್ಷ ಕಷಾಯ ಕುದಿಸಿದವ. ನಗು ತಡೆದೂ ತಡೆದೂ ನನ್ನ ಪಕ್ಕೆಲುಬು ನೋಯುತ್ತಿತ್ತು. ಆಮಶಂಕೆಗೆ, ಅಂದರೆ ರಕ್ತ ಬೀಳುವ ಭೇದಿಗೆ, ಅವರದ್ದು ಒಂದೇ ಮದ್ದು: ಕೊಡಸಿಗೆ ಮರದ ತೊಗಟೆಯ ಕಷಾಯ. ಭೇದಿ ನಿಲ್ಲುತ್ತಿತ್ತು, ಸುಳ್ಳಲ್ಲ. ಆದರೆ ಆ ಕಹಿ ವೈರಿಗೂ ಬೇಡ. "ಚೂರು ಬೆಲ್ಲ ಹಾಕಿ" ಎಂದು ಯಾರು ಬೇಡಿದರೂ ಪಂಡಿತರದ್ದು ಒಂದೇ ಉತ್ತರ: "ಗ್ರಂಥದಲ್ಲಿ ಬೆಲ್ಲ ಇಲ್ಲ."

೧. ಬಾಳೆಗಿಡದ ಚಿಕಿತ್ಸೆ

ಕಂಕನಾಡಿಯ ಹೋಟೆಲಿನ ಧಣಿಯೊಬ್ಬರು ಮೂರು ದಿನ ಕಷಾಯ ಮನೆಗೆ ಒಯ್ದರು. ಗುಣ ಕಾಣಲಿಲ್ಲ. "ನೀನು ಎಂತ ಕುದಿಸಿದ್ದು?" ಎಂದು ಪಂಡಿತರು ನನಗೇ ಬೈದರು. ಹೋಗಿ ನೋಡಿದರೆ, ಧಣಿಗಳ ಕಿಟಕಿಯ ಕೆಳಗಿನ ಬಾಳೆಯ ಬುಡದಲ್ಲೆಲ್ಲ ಕಷಾಯದ ವಾಸನೆ.

"ಬಾಳೆಗೆ ಭೇದಿ ನಿಂತಿದೆ ಪಂಡಿತರೇ" ಎಂದು ವರದಿ ಒಪ್ಪಿಸಿದೆ.

ಅಂದಿನಿಂದ ಕಾನೂನು ಬಂತು: ಅಂಗಡಿಯಲ್ಲೇ ಎಲ್ಲರೆದುರು ಕುಡಿಯಬೇಕು, ಕುಡಿದು ನಾಲಿಗೆ ತೋರಿಸಬೇಕು.

೨. ಒಣಮೀನಿನ ವಾದ

ಹೊಳೆ ದಾಟಿಸುವ ದೋಣಿಯವನೊಬ್ಬ ಕುಡಿದು, ನಾಲಿಗೆ ತೋರಿಸಿ, ಪಥ್ಯ ಕೇಳಿದ.

"ಗಂಜಿ, ಮಜ್ಜಿಗೆ. ಮೀನು ಮುಟ್ಟಬೇಡ."

"ಒಣಮೀನು?"

"ಅದು ಮೀನಲ್ಲವಾ ಮಾರಾಯ?"

"ನೀರು ಬಿಟ್ಟು ಆರು ತಿಂಗಳಾಯ್ತಲ್ಲ ಪಂಡಿತರೇ. ಇನ್ನೂ ಮೀನು ಅಂತ ಹೇಳ್ಲಿಕ್ಕೆ ಆಗ್ತದಾ?"

ಪಂಡಿತರಿಗೂ ಒಣಮೀನೆಂದರೆ ಪ್ರಾಣ. "ಮುಂದಿನವರು ಯಾರು?" ಎಂದು ಬಾಗಿಲ ಕಡೆ ತಿರುಗಿದರು.

೩. ಪಂಡಿತರ ಸರದಿ

ಒಂದು ಮದುವೆಯೂಟ ಉಂಡು ಬಂದ ಪಂಡಿತರಿಗೇ ಆಮಶಂಕೆ ಹಿಡಿಯಿತು. ನಾನು ಲೋಟ ತುಂಬಿ ಕೊಟ್ಟರೆ, "ಅಲ್ಲಿಡು, ಆಮೇಲೆ ಕುಡೀತೇನೆ" ಎಂದರು. ಅವರ ಕಿಟಕಿಯ ಹೊರಗೂ ಒಂದು ಬಾಳೆಗಿಡ ಉಂಟು. ತನ್ನ ಮದ್ದು ತಾನೇ ಕುಡಿಯದ ಪಂಡಿತ ಎಂದು ಮಾರ್ಕೆಟಿನಲ್ಲಿ ಸುದ್ದಿಯಾದರೆ ಅಂಗಡಿ ಮುಚ್ಚಿದ ಹಾಗೆಯೇ, ನನ್ನ ಗಂಜಿಯೂ ಹೋದ ಹಾಗೆಯೇ.

ಅಷ್ಟರಲ್ಲಿ ಆರೋಗ್ಯ ವಿಚಾರಿಸಲಿಕ್ಕೆಂದು ಅದೇ ಧಣಿ, ಅದೇ ದೋಣಿಯವ ಬಂದು ಬೆಂಚಿನಲ್ಲಿ ಕೂತರು. ಒಳಗಿನಿಂದ ಪಂಡಿತರ ಹೆಂಡತಿ, "ಕಾನೂನು ಎಲ್ಲರಿಗೂ ಒಂದೇ ಅಲ್ವಾ?" ಎಂದರು.

ಪಂಡಿತರು ಕಣ್ಣುಮುಚ್ಚಿ ಗಟಗಟನೆ ಕುಡಿದರು. ಮುಖ ಹಿಂಡಿದ ಲಿಂಬೆಯಂತಾಯಿತು.

"ನಾಲಿಗೆ, ಪಂಡಿತರೇ" ಎಂದ ದೋಣಿಯವ.

ತೋರಿಸಿದರು. ಧಣಿಗಳು ಬಗ್ಗಿ ನೋಡಿ, "ಸರಿ ಉಂಟು" ಎಂದರು. ನನಗೆ ಹೋದ ಜೀವ ಬಂತು.

ಪಂಡಿತರು ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡರು. ಮತ್ತೆ ಎದ್ದು, ಓಲೆಗರಿಯ ಗ್ರಂಥ ಬಿಚ್ಚಿ, ಒಂದು ಗರಿಯ ಮೇಲೆ ಬೆರಳಿಟ್ಟು ನನ್ನನ್ನು ಕರೆದರು.

"ನೋಡು, ಇಲ್ಲಿ ಬೆಲ್ಲ ಉಂಟು. ಇಷ್ಟು ವರ್ಷ ಎರಡು ಗರಿ ಅಂಟಿಕೊಂಡಿತ್ತು ಮಾರಾಯ."