ರಾಕ್ ಬ್ಯಾಂಡಿಗೆ ಹೊದೆಸಿದ ಟಾರ್ಪಾಲು

ಎಸ್ಟೇಟ್ ರೈಟರ್ ಕೆಲಸ ಮಾಡಿದವನ ಬದುಕಿನಲ್ಲಿ ಎಡವಟ್ಟುಗಳಿಗೆ ಬರವಿಲ್ಲ. ಕಳಸ ಮತ್ತು ಸಂಸೆಯ ನಡುವಿನ ಒಂದು ಕಾಫಿ ತೋಟದಲ್ಲಿ ಇಪ್ಪತ್ತು ವರ್ಷ ಆಳುಗಳ ಹಾಜರಿ ಬರೆದವನು ನಾನು. ಜೊತೆಗೆ ಒಂದು ವಿದೇಶಿ ರಾಕ್ ಬ್ಯಾಂಡಿನ ಹುಚ್ಚೂ ಹತ್ತಿದ್ದರಿಂದ ನನ್ನ ಎಡವಟ್ಟುಗಳು ಉಳಿದವರದಕ್ಕಿಂತ ಸ್ವಲ್ಪ ಜೋರಾಗಿಯೇ ಕೇಳಿಸುತ್ತಿದ್ದವು.

ಮಂಗಗಳ ಮೆಚ್ಚುಗೆ

ತೊಂಬತ್ತರ ದಶಕದ ಶುರುವಿನಲ್ಲಿ ಸಾಹುಕಾರರ ಮಗ ಹಾಸ್ಟೆಲಿನಿಂದ ರಜೆಗೆ ಬಂದವನು ಒಂದು ಕ್ಯಾಸೆಟ್ಟನ್ನು ನನ್ನ ಆಫೀಸಿನಲ್ಲಿ ಮರೆತು ಹೋದ. ನಾಲ್ಕು ಜನರ ಬ್ಯಾಂಡು. ಮಾತು ಅರ್ಧಂಬರ್ಧ ತಿಳಿಯಿತು, ಆದರೆ ಮೈ ಜುಮ್ಮೆಂದಿತು. ಕೊನೆಯ ಹಾಡೆಂದರೆ ನನಗೆ ಪ್ರಾಣ. ಆದರೆ ಅದು ಯಾರದೋ ಕ್ಯಾಸೆಟ್ಟಿನಿಂದ ಇಳಿಸಿಕೊಂಡದ್ದು. ಗಾಯಕ ದನಿ ಏರಿಸುತ್ತ ಏರಿಸುತ್ತ ಇನ್ನೇನು ಹಾಡು ಮುಗಿಸಬೇಕು, ಅಷ್ಟರಲ್ಲಿ ಟೇಪೇ ಮುಗಿದು ಟಕ್ಕೆಂದು ಬಟನ್ ಮೇಲೇಳುತ್ತಿತ್ತು. ಮೂಡಿಗೆರೆ, ಚಿಕ್ಕಮಗಳೂರಿನ ಕ್ಯಾಸೆಟ್ ಅಂಗಡಿಗಳಲ್ಲೆಲ್ಲ ವಿಚಾರಿಸಿದೆ. ಅವರು ಭಕ್ತಿಗೀತೆ ತೋರಿಸಿದರು. ಹನ್ನೆರಡು ವರ್ಷ ಆ ಹಾಡು ಹೇಗೆ ಮುಗಿಯುತ್ತದೆಂದು ಗೊತ್ತಿಲ್ಲದೆಯೇ ಕಾಲ ತಳ್ಳಿದೆ.

ಆ ನಡುವೆ ಕಿತ್ತಳೆಗೆ ಮಂಗಗಳ ಕಾಟ ಜಾಸ್ತಿಯಾಯಿತು. ಟೇಪ್ ರೆಕಾರ್ಡರನ್ನು ಮರಕ್ಕೆ ಕಟ್ಟಿ ಜೋರಾಗಿ ಹಾಡು ಹಾಕಿದೆ. ಮೊದಲ ಕಿರುಚಾಟಕ್ಕೇ ಮಂಗಗಳು ಹಳ್ಳ ದಾಟಿ ಓಡಿದವು. ಸಾಹುಕಾರರು ಭೇಷ್ ಎಂದರು. ವಾರ ಕಳೆಯುವಷ್ಟರಲ್ಲಿ ಅವು ವಾಪಸು ಬಂದು, ಕೊಂಬೆಯ ಮೇಲೆ ಸಾಲಾಗಿ ಕೂತು, ಕಿತ್ತಳೆ ಸುಲಿಯುತ್ತ ಕೇಳತೊಡಗಿದವು. ಟೇಪು ಟಕ್ಕೆಂದು ನಿಂತರೆ ನನ್ನತ್ತ ತಿರುಗಿ ಹಲ್ಲು ಕಿರಿಯುತ್ತಿದ್ದವು. ನನ್ನ ಸಂಕಟ ಆ ತೋಟದಲ್ಲಿ ಅರ್ಥವಾದದ್ದು ಅವಕ್ಕೆ ಮಾತ್ರ.

ರಜೆಯ ಅರ್ಜಿ

ಅದೇ ಬ್ಯಾಂಡು ವಿದಾಯದ ಪ್ರವಾಸ ಹೊರಟಿದೆ, ಬೆಂಗಳೂರಿಗೂ ಬರುತ್ತದೆ ಎಂದು ಪೇಪರಿನಲ್ಲಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಹಾಡಿನ ಕೊನೆ ಕೇಳುವುದಿದ್ದರೆ ಈಗಲೇ, ಇಲ್ಲದಿದ್ದರೆ ಇಲ್ಲವೇ ಇಲ್ಲ. ಆದರೆ ಅದು ರೋಬಸ್ಟಾ ಕಾಫಿ ಒಣಗಿಸುವ ಕಾಲ. ರೈಟರ್ ಆದವನು ಕಣ ಬಿಟ್ಟು ಅಲ್ಲಾಡುವಂತಿಲ್ಲ.

"ಇವ್ರನ್ನ ಮುಂಚೆ ನೋಡಿದೀರಾ?" ಎಂದು ಸಾಹುಕಾರರು ಕೇಳಿದರು.

"ಇಲ್ಲ ಸಾರ್."

"ಅವ್ರಿಗೆ ನಿಮ್ಮ ಗುರ್ತ ಇದ್ಯಾ?"

"ಇಲ್ಲ ಸಾರ್."

"ಗುರ್ತೇ ಇಲ್ದವ್ರನ್ನ ಬೀಳ್ಕೊಡಕ್ಕೆ ಎಂಟು ಗಂಟೆ ಬಸ್ಸಲ್ಲಿ ಹೋಗ್ತೀರಾ ರೈಟ್ರೇ?"

ನನ್ನ ಮುಖ ನೋಡಿ ಅವರಿಗೇ ಪಾಪ ಅನ್ನಿಸಿರಬೇಕು. "ಹೋಗಿ. ಬರ್ತಾ ಕಣಕ್ಕೊಂದು ದೊಡ್ಡ ಟಾರ್ಪಾಲು ತನ್ನಿ. ಹೊತ್ಕೊಂಡ್ ಬರಕ್ಕೆ ಮೇಸ್ತ್ರಿನೂ ಕರ್ಕೊಂಡ್ಹೋಗಿ" ಎಂದರು. ಹೀಗೆ ನನ್ನ ಪ್ರಾಣದ ಹಾಡು ಟಾರ್ಪಾಲು ಖರೀದಿಯ ಖಾತೆಯಲ್ಲಿ ಮಂಜೂರಾಯಿತು.

ಕೂರುವ ಜಾಗ

ನಾನು, ತೋಟದ ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿ ಇಬ್ಬರೂ ಬೆಂಗಳೂರಿನಲ್ಲಿ ಮಧ್ಯಾಹ್ನವೇ ಟಾರ್ಪಾಲು ಕೊಂಡು ನೇರ ಮೈದಾನಕ್ಕೆ ಹೋದೆವು. ಗೇಟಿನವನು "ಬ್ಯಾಗ್ ಬಿಡಲ್ಲ" ಎಂದ. "ಇದು ಬ್ಯಾಗಲ್ಲ ಮಾರಾಯ, ಹಾಸ್ಕೊಳ್ಳಕ್ಕೆ" ಎಂದರು ಮೇಸ್ತ್ರಿ. ಅವರು ಯಕ್ಷಗಾನಕ್ಕೆ ಚಾಪೆಯಿಲ್ಲದೆ ಹೋದವರಲ್ಲ. ಗೇಟಿನವನಿಗೆ ಏನನ್ನಿಸಿತೋ, ಬಿಟ್ಟ.

ವೇದಿಕೆಯ ಮುಂದೆ ಹುಡುಗ ಹುಡುಗಿಯರು ಕುಣಿಯುತ್ತಿದ್ದರು. ಮೇಸ್ತ್ರಿ ಅವರ ಮಧ್ಯದಲ್ಲೇ ಟಾರ್ಪಾಲು ಹಾಸಿ, ಚಕ್ಕಳಮಕ್ಕಳ ಹಾಕಿ, ಎಲೆಯಡಿಕೆ ಬಿಚ್ಚಿದರು. ಇಲ್ಲಿ ಎಲ್ಲರೂ ನಿಂತೇ ನೋಡುವುದು ಎಂದು ನಾನು ಪಿಸುಗುಟ್ಟಿದೆ.

"ಟಿಕೆಟ್ ತಗೊಂಡೂ ನಿಲ್ಲೋದಾ? ನಿಲ್ಲಕ್ಕೆ ನಮ್ಮ ಕಳಸದ ಬಸ್ ಸಾಕಿತ್ತಲ್ಲ!" ಎಂದರು ಮೇಸ್ತ್ರಿ.

ಮಳೆ ಬಂತು

ನಾಲ್ಕು ಹಾಡು ಆಗುವಷ್ಟರಲ್ಲಿ ಹನಿ ಬಿತ್ತು. ಕಾಫಿ ಕಣದಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಹನಿ ಬಿದ್ದಾಗ ತಲೆ ಕೆಲಸ ಮಾಡುವುದಿಲ್ಲ, ಕಾಲು ಮಾಡುತ್ತದೆ. "ಮಳೆ! ಮುಚ್ಚಿ, ಮುಚ್ಚಿ!" ಎಂದು ಕೂಗಿಕೊಂಡೆ. ಮೇಸ್ತ್ರಿ ಆಗಲೇ ಟಾರ್ಪಾಲಿನ ಆ ತುದಿ ಹಿಡಿದಿದ್ದರು. ನೋಡುತ್ತಿದ್ದಂತೆ ಇಬ್ಬರೂ ವೇದಿಕೆಯ ಮೇಲಿದ್ದೆವು. ಟಾರ್ಪಾಲು ಹಿಡಿದು ಓಡುವವರನ್ನು ಯಾರೂ ತಡೆಯುವುದಿಲ್ಲ ಎಂದು ಅವತ್ತು ಗೊತ್ತಾಯಿತು.

ಬಟ್ಟೆಯ ಚಾವಣಿ ಡ್ರಮ್ಮುಗಳ ಮೇಲೇ ಸೋರುತ್ತಿತ್ತು. ವೇದಿಕೆಯ ಕೆಲಸದವರಿಗೆ ಮೇಸ್ತ್ರಿ "ಆ ಮೂಲೆ ಎಳಿ ಮಾರಾಯ, ಗಾಳಿ ಆಚೆಯಿಂದ!" ಎಂದು ಗದರಿದರು. ಕನ್ನಡ ಬಾರದವರೂ ಎಳೆದರು. ಡ್ರಮ್ಮಿನವನು ನಕ್ಕು, ಹಾಗೇ ಹಿಡಿದುಕೊಂಡಿರಿ ಎಂದು ಸನ್ನೆ ಮಾಡಿ ಬಾರಿಸತೊಡಗಿದ.

ಶುರುವಾದದ್ದು ನನ್ನ ಹಾಡು! ಕೈಯಲ್ಲಿ ಟಾರ್ಪಾಲಿನ ತುದಿ, ಕಣ್ಣೆದುರು ಗಾಯಕನ ಬೆನ್ನು. ದನಿ ಏರಿತು, ಮತ್ತೂ ಏರಿತು. ಇನ್ನೇನು ಎನ್ನುವಾಗ ಮೇಸ್ತ್ರಿ, "ರೈಟ್ರೇ, ಮೇಲೆ ನೀರು ನಿಂತಿದೆ" ಎಂದವರೇ, ಕಣದಲ್ಲಿ ಮಾಡುವಂತೆ ಅಡಿಯಿಂದ ಕೈ ಕೊಟ್ಟು ಎತ್ತಿದರು. ಅಷ್ಟೂ ನೀರು ಪಕ್ಕದಲ್ಲಿದ್ದ ಕರೆಂಟಿನ ಕರೀ ಪೆಟ್ಟಿಗೆಯ ಮೇಲೆ ಸುರಿದು, ಟಕ್ಕೆಂದು ಎಲ್ಲ ನಿಂತಿತು. ಕ್ಯಾಸೆಟ್ಟಿನಲ್ಲಿ ನಿಲ್ಲುತ್ತಿದ್ದ ಅದೇ ಜಾಗ!

ನಾನು ಅತ್ತೇಬಿಟ್ಟೆ. ಆದರೆ ಮೈದಾನದ ಜನ ಬಿಡಲಿಲ್ಲ. ಮೈಕಿಲ್ಲದೆ, ಮಳೆಯಲ್ಲಿ ನೆನೆಯುತ್ತ, ಕೊನೆಯ ಮೂರು ಸಾಲನ್ನು ಅವರೇ ಹಾಡಿದರು. ಗಾಯಕನೂ ದನಿ ಸೇರಿಸಿದ. ಹನ್ನೆರಡು ವರ್ಷದ ಮೇಲೆ ಹಾಡು ಮುಗಿಯಿತು. ಅಷ್ಟು ಖುಷಿ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

"ಇಷ್ಟೇನಾ?" ಎಂದರು ಮೇಸ್ತ್ರಿ. "ಮೂರು ಸಾಲಿಗೆ ಇಷ್ಟು ವರ್ಷ ನಮ್ಮ ತಲೆ ತಿಂದ್ರಾ?"

ಡ್ರಮ್ಮು ಒದ್ದೆಯಾಗದ ಸಂತೋಷಕ್ಕೆ ನಾಲ್ವರೂ ದಪ್ಪ ಪೆನ್ನಿನಲ್ಲಿ ಟಾರ್ಪಾಲಿನ ಮೇಲೆ ಇಷ್ಟಗಲದ ಸಹಿ ಹಾಕಿ ಕೊಟ್ಟರು.

ಮಾರನೆಯ ದಿನ ಸಾಹುಕಾರರು ಅದನ್ನು ಕಣದಲ್ಲಿ ಬಿಡಿಸಿ ನೋಡಿ ಕೆಂಡವಾದರು. "ಹೊಸದು ತನ್ನಿ ಅಂದ್ರೆ, ಯಾರೋ ನಾಕು ಜನ ಗೀಚಿ ಬಿಸಾಕಿದ್ದು ತಂದಿದೀರಲ್ಲ!"

"ಅದಕ್ಕೇನು ಸಾರ್, ಸೀಮೆಎಣ್ಣೆ ಹಾಕಿ ತಿಕ್ಕಿದ್ರೆ ಹೋಗತ್ತೆ" ಎಂದು ಮೇಸ್ತ್ರಿ ಡಬ್ಬಿ ಹಿಡಿದು ಬಂದೇಬಿಟ್ಟರು.

ನಾನು ಓಡಿ ಹೋಗಿ ಆ ಸಹಿಗಳ ಮೇಲೆ ಕೈಕಾಲು ಚಾಚಿ ಅಂಗಾತ ಮಲಗಿಬಿಟ್ಟೆ.

ಸಾಹುಕಾರರು ಹತ್ತಿರ ಬಂದು ಬಗ್ಗಿದರು. ಆಮೇಲೆ ಮೆಲ್ಲಗೆ ಹೇಳಿದರು: "ಏಳಿ ರೈಟ್ರೇ. ಒಣಗ್ಬೇಕಾಗಿರೋದು ಕಾಫಿ."