ನನ್ನ ಪಥ್ಯವೂ ಅಮ್ಮಮ್ಮನ ಕಾಗೆಯೂ

ನಮ್ಮ ಹಿತ್ತಿಲಿನಾಚೆ, ಕೇರಳದ ನಿಳಾ ನದಿಯ ದಂಡೆಯಿಂದ, ವರ್ಷದಲ್ಲಿ ಒಂದು ಬೆಳಗ್ಗೆ ಒದ್ದೆ ಕೈಗಳ ಚಪ್ಪಾಳೆ ಕೇಳಿಸುತ್ತದೆ. ಸಭೆಯ ಚಪ್ಪಾಳೆಯಂತೆ ಅದು ಉಕ್ಕುವುದಿಲ್ಲ. ನೀರು ತೊಟ್ಟಿಕ್ಕುವ ಅಂಗೈಗಳು ನಿಧಾನವಾಗಿ ಕೂಡಿ ಬಿಡುತ್ತವೆ, ಅಷ್ಟೆ. ಮಳೆಗಾಲದ ಕರ್ಕಿಡಕ ತಿಂಗಳ ಅಮಾವಾಸ್ಯೆಯಂದು ಸತ್ತವರನ್ನು ಊಟಕ್ಕೆ ಕರೆಯುವ ಸದ್ದು ಅದು. ಸತ್ತವರು ಕಾಗೆಗಳಾಗಿ ಬರುತ್ತಾರೆ, ದರ್ಭೆಯ ಮೇಲಿಟ್ಟ ಅನ್ನದುಂಡೆ ತಿನ್ನುತ್ತಾರೆ, ತೃಪ್ತರಾಗಿ ಹೋಗುತ್ತಾರೆ.

ಊರಿಗೆ ಊರೇ ಸತ್ತವರಿಗೆ ಉಣ್ಣಿಸಲು ಹೊರಟ ಆ ದಿನವೇ, ಬದುಕಿದ್ದ ನಾನು ಇನ್ನು ಹೊಟ್ಟೆ ತುಂಬ ಉಣ್ಣುವುದಿಲ್ಲವೆಂದು ಭೀಷ್ಮಪ್ರತಿಜ್ಞೆ ಮಾಡಿದೆ.

ಕಾರಣ ಎರಡು. ಒಂದು, ಎಲ್ಲರಿಗೂ ಹೇಳಬಹುದಾದದ್ದು: ಓಣಂ ದಿನ ನಮ್ಮ ಕಾಲೇಜಿನ ಅಧ್ಯಾಪಕಿಯರೆಲ್ಲ ಜರಿಯಂಚಿನ ಕಸವು ಸೀರೆ ಉಟ್ಟು ಬರುತ್ತಾರೆ, ನನ್ನ ಹಳೆಯ ರವಿಕೆಯ ಎರಡು ಅಂಚುಗಳೋ ಜಗಳವಾಡಿದ ಅಕ್ಕತಂಗಿಯರಂತೆ ಮುಖ ತಿರುಗಿಸಿ ದೂರ ನಿಂತಿದ್ದವು. ಇನ್ನೊಂದು, ಯಾರಿಗೂ ಹೇಳಲಾಗದ್ದು: ಕಾಲೇಜಿನ ಆರೋಗ್ಯ ತಪಾಸಣೆಯಲ್ಲಿ ನರ್ಸ್ ನನ್ನ ಬೆರಳು ಚುಚ್ಚಿ, "ಟೀಚರ್, ಸಕ್ಕರೆ ಗಡಿಯಲ್ಲಿದೆ, ನೋಡ್ಕೊಳ್ಳಿ" ಅಂದಿದ್ದಳು. ಅಂದಿನಿಂದ ನಾನು ಆರೋಗ್ಯಶಾಸ್ತ್ರದ ಮಹಾಪಂಡಿತೆಯಾದೆ. ಸಿಕ್ಕಿದ್ದೆಲ್ಲ ಓದಿದೆ. ಅಕ್ಕಿಹಿಟ್ಟು, ಕಾಯಿತುರಿ ತುಂಬಿ ಹಬೆಯಲ್ಲಿ ಬೇಯಿಸಿದ ಒಂದು ಕೊಳವೆ ಪುಟ್ಟು ತಿಂದರೆ ಅದನ್ನು ಕರಗಿಸಲು ಎಷ್ಟು ದೂರ ನಡೆಯಬೇಕು ಎಂಬುದನ್ನು ತಿಳಿದ ಮೇಲೆ ಪುಟ್ಟು ನನಗೆ ಪುಟ್ಟಿನಂತೆ ಕಾಣಲಿಲ್ಲ, ರಸ್ತೆಯಂತೆ ಕಂಡಿತು.

ಆದರೆ ನಮ್ಮ ಮನೆಯಲ್ಲಿ ಸಕ್ಕರೆ ಎಂಬ ಮಾತು ಎತ್ತುವ ಹಾಗಿರಲಿಲ್ಲ. ಅಮ್ಮಮ್ಮ, ಅಂದರೆ ನನ್ನ ಅಮ್ಮನ ಅಮ್ಮ, ಹಿಂದಿನ ವರ್ಷ ಆ ರೋಗದಲ್ಲೇ ತೀರಿಕೊಂಡಿದ್ದಳು. ಕೊನೆಯ ವಾರ ಅವಳು ಎಲೆಯಡ ಕೇಳಿದಳು, ಬೆಲ್ಲ ಕಾಯಿತುರಿ ತುಂಬಿ ಬಾಳೆಲೆಯಲ್ಲಿ ಮಡಚಿ ಬೇಯಿಸಿದ್ದು. ವಾಸಿಯಾಗಲಿ, ಮಾಡಿಕೊಡುತ್ತೇನೆ ಎಂದಳು ಅಮ್ಮ. ಅಮ್ಮಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ವಾಸಿಯಾಗಲಿಲ್ಲ. ಆಮೇಲೆ ನಮ್ಮ ಅಡುಗೆಮನೆಯಲ್ಲಿ ಯಾರೂ ಅಡ ಮಾಡಲಿಲ್ಲ, ಅದರ ಹೆಸರೂ ಎತ್ತಲಿಲ್ಲ.

ಆ ಅಮಾವಾಸ್ಯೆ ಅಮ್ಮಮ್ಮನಿಗೆ ಮೊದಲ ಬಲಿ, ಅಂದರೆ ಮೊದಲ ಪಿಂಡ. ಅಮ್ಮ ಒದ್ದೆ ಬಟ್ಟೆಯಲ್ಲಿ ಮಂಡಿಯೂರಿ ಉಂಡೆ ಇಟ್ಟು ಕೈತಟ್ಟಿದಳು. ಆಲದ ಮರದ ತುಂಬ ಕಾಗೆಗಳಿದ್ದವು. ಪಕ್ಕದವರ ಉಂಡೆಗೆ ಇಳಿದವು, ಅದರ ಪಕ್ಕದವರದಕ್ಕೂ ಇಳಿದವು. ನಮ್ಮ ಎಲೆಯ ಹತ್ತಿರ ಒಂದೂ ಸುಳಿಯಲಿಲ್ಲ. ಅಮ್ಮ ಅಂಗೈ ಕೆಂಪಾಗುವವರೆಗೆ ತಟ್ಟಿದಳು. ಕಡೆಗೆ ಅವಳ ಅಣ್ಣ ಶೇಖರಮ್ಮಾವ ಉಂಡೆಯನ್ನು ಹೊಳೆಗೆ ಬಿಡಿಸಿದರು. ಅಮ್ಮ ಮನೆಗೆ ಬಂದು, ಅಮ್ಮಮ್ಮನ ಕೋಣೆಯ ಮುಚ್ಚಿದ ಬಾಗಿಲಿನ ಮುಂದೆ ನಿಂತು ಒಂದೇ ಮಾತು ಅಂದಳು:

"ನನ್ನ ಕೈಯಿಂದ ತಗೊಳ್ಳೋದಿಲ್ಲ ಅಂತಾಳೆ."

ಇಂಥ ದಿನ ಪಥ್ಯದ ಘೋಷಣೆ ಮಾಡಿದ ನನ್ನ ಬುದ್ಧಿಗೆ ಏನೆನ್ನಲಿ! ಅರ್ಧ ತಟ್ಟೆ ಸಾಕು ಎಂದೆ. ಅಮ್ಮ ಕೇಳಿಸಿಕೊಂಡಳೋ ಇಲ್ಲವೋ, ಎಂದಿನಂತೆ ಕುಸುಬಲಕ್ಕಿ ಅನ್ನದ ಗುಡ್ಡ ಕಟ್ಟಿ, ಅದರ ಸುತ್ತ ತರಕಾರಿ ಅವಿಯಲಿನ ಕಂದಕ ತೋಡಿ ಮುಂದಿಟ್ಟಳು. ಅವಳ ಆ ಮುಖ ನೋಡಿ ಬೇಡ ಎನ್ನಲು ನನಗೆ ನಾಲಗೆ ಹೊರಳಲಿಲ್ಲ. ತಟ್ಟೆ ಹಿಡಿದು ಹಿಂದಿನ ಜಗಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಕಾಗೆ ಒಂಟಿಯಾಗಿ ಕುಳಿತಿತ್ತು. ಗುಡ್ಡದ ಮುಕ್ಕಾಲು ಭಾಗವನ್ನು ಅದರ ಮುಂದೆ ಸುರಿದೆ. ಖಾಲಿ ತಟ್ಟೆ ಕಂಡು ಅಮ್ಮನ ಮುಖ ತುಸು ಅರಳಿತು. ಎಂಥ ಉಪಾಯ! ಅಮ್ಮನಿಗೆ ಸಮಾಧಾನ, ನನಗೆ ಆರೋಗ್ಯ, ಕಾಗೆಗೆ ಅವಿಯಲ್.

ಮರುದಿನ ಅದೇ ಕಾಗೆ ಬಂತು, ಅದರ ಮರುದಿನವೂ. ಆಗ ನಾನು ಅದರ ನಡಿಗೆ ಗಮನಿಸಿದೆ. ಬಲಗಾಲನ್ನು ಎಳೆದು ಹಾಕುತ್ತಿತ್ತು. ಅಮ್ಮಮ್ಮನೂ ಬಲಗಾಲು ಎಳೆಯುತ್ತಿದ್ದಳು.

ಊರಿನಲ್ಲಿ ಕುಂಟುವ ಕಾಗೆಗಳು ಎಷ್ಟೋ ಇರುತ್ತವೆ ಎಂದುಕೊಂಡೆ. ಒಂದು ದಿನ ಬಲಗೈಯಲ್ಲಿ ಪುಸ್ತಕವಿತ್ತೆಂದು ಎಡಗೈಯಲ್ಲಿ ಪುಟ್ಟು ಹಾಕಿದೆ. ಕಾಗೆ ನನ್ನ ಕೈಯನ್ನು ನೋಡಿತು, ಮುಖವನ್ನು ನೋಡಿತು, ಪುಟ್ಟಿಗೆ ಬೆನ್ನು ತಿರುಗಿಸಿ ನಿಂತಿತು. ಎಡಗೈಯಲ್ಲಿ ಕೊಟ್ಟ ವೀಳ್ಯವನ್ನು ಅಮ್ಮಮ್ಮ ಹಾಗೆಯೇ ತಿರಸ್ಕರಿಸುತ್ತಿದ್ದಳು, ಅಷ್ಟೇ ಮೌನವಾಗಿ, ಅಷ್ಟೇ ಅವಮಾನವಾಗುವಂತೆ. ನಾನು ಪುಸ್ತಕ ಕೆಳಗಿಟ್ಟು, ಅದೇ ಪುಟ್ಟನ್ನು ಬಲಗೈಯಿಂದ ಎತ್ತಿ ಮತ್ತೆ ಬಡಿಸಿದೆ. ತಿಂದಿತು. ಸ್ನಾತಕೋತ್ತರ ಪದವಿ ಪಡೆದ ನಾನು ಕಾಗೆಯ ಮುಂದೆ ಸೆರಗು ಸರಿಮಾಡಿಕೊಂಡು ನಿಂತಿದ್ದೆನೆಂದು ಆಮೇಲೆ ತಿಳಿಯಿತು.

ಸಂಜೆ ಚಹಾದ ಹೊತ್ತಿಗೆ ಟಕ್ ಟಕ್ ಎಂದು ಸದ್ದು ಶುರುವಾಯಿತು. ಅಮ್ಮಮ್ಮ ಚಹಾ ತಡವಾದರೆ ವೀಳ್ಯ ಕುಟ್ಟುವ ಕುಟ್ಟಣಿಗೆಯಿಂದ ಮಂಚದ ಕಾಲಿಗೆ ಬಡಿಯುತ್ತಿದ್ದಳು. ಸದ್ದು ಬಂದದ್ದು ಅವಳ ಕೋಣೆಯಿಂದಲೇ. ಅಮ್ಮನೂ ನಾನೂ ಅಡುಗೆಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಾಗಿಲು ತೆಗೆದವಳು ಅಮ್ಮ. ಗಾಳಿಯಾಡದ ಆ ಕೋಣೆಯಲ್ಲಿ ಇನ್ನೂ ಕರ್ಪೂರದೆಣ್ಣೆಯ ವಾಸನೆ ಇತ್ತು. ಕಿಟಕಿಯ ಗಾಜಿನಾಚೆ ಕಾಗೆ ಕುಳಿತು ಕೊಕ್ಕಿನಿಂದ ಚೌಕಟ್ಟು ಬಡಿಯುತ್ತಿತ್ತು. ಗಾಜಿನಲ್ಲಿ ತನ್ನದೇ ರೂಪ ಕಂಡು ಬಡಿಯುತ್ತಿದೆ ಎಂದು ವೈಜ್ಞಾನಿಕವಾಗಿ ವಿವರಿಸಲು ಬಾಯಿ ತೆರೆದೆ. ಕಾಗೆ ತಲೆ ಓರೆ ಮಾಡಿ ಮಂಚದ ಕಡೆ ನೋಡಿತು. ನಾನು ಬಾಯಿ ಮುಚ್ಚಿದೆ.

"ಬಂದಿದ್ದಾಳೆ," ಅಂದಳು ಅಮ್ಮ.

ಅಂದಿನಿಂದ ಅಡುಗೆ ದುಪ್ಪಟ್ಟಾಯಿತು. ಅಮ್ಮಮ್ಮನಿಗೆ ಇಷ್ಟವಾದದ್ದೆಲ್ಲ ಒಲೆಯೇರಿತು, ನನ್ನ ತಟ್ಟೆಗೂ ಇಳಿಯಿತು, ನನ್ನ ತಟ್ಟೆಯಿಂದ ಗುಟ್ಟಾಗಿ ಕಾಗೆಯ ಹೊಟ್ಟೆಗೂ ಹೋಯಿತು. ಅಮ್ಮ ಬೇರೆಯಾಗಿ ಇಟ್ಟ ಅನ್ನವನ್ನು ಅದು ಮೂಸಿಯೂ ನೋಡುತ್ತಿರಲಿಲ್ಲ. ಹೊಟ್ಟೆಯಲ್ಲಿ ಜಾಗವೆಲ್ಲಿತ್ತು? ಅಮ್ಮ ದೂರದಿಂದ ಅದನ್ನೇ ಕಾಯುತ್ತ ನಿಲ್ಲುವಳು. ಕಾಗೆ ಸುತ್ತಲೂ ಬೆಳೆಯಿತು. ಹಾರುವುದು ಬಿಟ್ಟು, ಹೊಟ್ಟೆ ಹೊತ್ತ ಸಾಹುಕಾರನಂತೆ ಅಂಗಳದಲ್ಲಿ ನಡೆದಾಡತೊಡಗಿತು. ನಾನು ಇಳಿದೆ, ರವಿಕೆಯ ಅಂಚುಗಳು ರಾಜಿಯಾಗುವ ಹಂತಕ್ಕೆ ಬಂದವು.

ಅದು ಪಕ್ಕದ ಮನೆಯ ಕಾರ್ತ್ಯಾಯನಿಯಮ್ಮನ ಕಣ್ಣಿಗೆ ಬಿತ್ತು. ಅವರು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಅಮ್ಮನಿಗೆ ಪಿಸುದನಿಯಲ್ಲಿ ಹೇಳಿದರು:

"ತಟ್ಟೆ ತುಂಬ ಉಣ್ಣುತ್ತಾಳೆ, ಮೈ ನೋಡಿದರೆ ಕರಗ್ತಾ ಇದೆ. ಇವಳ ಪಾಲನ್ನ ಇನ್ಯಾರೋ ಉಣ್ಣುತ್ತಿದ್ದಾರೆ ಸತೀ."

ಇಷ್ಟು ಸರಿಯಾಗಿ ರೋಗ ಹೇಳಿದ ವೈದ್ಯರನ್ನು ನಾನು ಕಂಡಿಲ್ಲ. ಅಮ್ಮ ಹೆದರಿ ಅಣ್ಣನನ್ನು ಕರೆಸಿದಳು. ನಿವೃತ್ತ ಹೆಡ್‌ಮಾಸ್ತರರಾದ ಶೇಖರಮ್ಮಾವ ಅಂಗಳ, ಕಾಗೆ, ನಾನು ಮೂರನ್ನೂ ಪರಿಶೀಲಿಸಿ ತೀರ್ಪು ಕೊಟ್ಟರು. ಕೇಳಿದ್ದು ಸಿಗದ ಜೀವ ಇದು, ಅದಕ್ಕೇ ಹುಡುಗಿಯನ್ನು ಹಿಡಿದಿದೆ. ಕರ್ಕಿಡಕ ಮುಗಿಯುವ ದಿನ ಕೇಳಿದ್ದನ್ನೇ ಮಾಡಿ ಬಡಿಸಬೇಕು. ತಿಂದರೆ ಕ್ಷಮಿಸಿದಳು ಎಂದರ್ಥ.

"ತಿನ್ನದಿದ್ದರೆ?" ಎಂದಳು ಅಮ್ಮ.

ಶೇಖರಮ್ಮಾವ ಕನ್ನಡಕ ಒರೆಸಿಕೊಂಡರು.

ಆ ದಿನ ಬೆಳಗ್ಗೆಯೇ ಅಮ್ಮ ಬೆಲ್ಲ ಕರಗಿಸಿದಳು. ಬಾಳೆಲೆ ಬೆಂದ ವಾಸನೆ ಮನೆಯಲ್ಲೆಲ್ಲ ತುಂಬಿ, ಆ ಕೋಣೆಯ ಬಾಗಿಲಿನವರೆಗೂ ಹೋಗಿ ನಿಂತಿತು. ಒಗೆಯುವ ಕಲ್ಲು ತೊಳೆದು, ತುದಿಯೆಲೆ ಹಾಸಿ, ಬಿಸಿ ಅಡ ಬಿಡಿಸಿ ಇಟ್ಟಳು. ಕೈ ಒದ್ದೆ ಮಾಡಿಕೊಂಡಳು. ತಟ್ಟುವ ಮೊದಲೇ ಕಾಗೆ ಬಾವಿಕಟ್ಟೆಯಿಂದ ಇಳಿದು, ಕಾಲೆಳೆಯುತ್ತ ಬಂತು. ಎಲೆಯ ಸುತ್ತ ಒಂದು ಸುತ್ತು ಹಾಕಿತು. ಅಡದ ಮೇಲೆ ಬಗ್ಗಿತು. ಕೊಕ್ಕನ್ನು ಕಲ್ಲಿಗೆ ಆ ಕಡೆ ಈ ಕಡೆ ಒರೆಸಿ, ಮುಖ ತಿರುಗಿಸಿ ಕುಳಿತಿತು.

"ಸಿಟ್ಟು ಇಳಿದಿಲ್ಲ," ಎಂದು ಕಾರ್ತ್ಯಾಯನಿಯಮ್ಮ ಉಸಿರೆಳೆದರು.

ಅಮ್ಮನ ಕೈಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. "ಇನ್ನೇನು ಮಾಡಲಿ ಅಮ್ಮಾ ನಾನು?" ಎಂದು ಅವಳು ಕಾಗೆಯನ್ನು ಕೇಳಿದಳು, ಮೆಲ್ಲಗೆ, ಮನೆಯವರನ್ನು ಕೇಳುವ ಹಾಗೆ.

ಸುಮ್ಮನಿದ್ದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಆ ಕಾಗೆಯ ಹೊಟ್ಟೆಯಲ್ಲಿ ಆ ಹೊತ್ತಿಗೆ ನನ್ನ ಬೆಳಗಿನ ಪುಟ್ಟು, ಕಡಲೆ ಪಲ್ಯ ಮತ್ತು ಒಂದು ಇಡೀ ನೇಂದ್ರಬಾಳೆ ಇದ್ದವು. ಅಭ್ಯಾಸಬಲ!

"ಸಿಟ್ಟಲ್ಲಮ್ಮ," ಎಂದೆ. "ಅದಕ್ಕೆ ಹೊಟ್ಟೆ ತುಂಬಿದೆ."

"ಯಾರು ತುಂಬಿಸಿದ್ದು?"

"ನಾನು. ಬೆಳಗ್ಗೆ ನನ್ನ ಪುಟ್ಟು ಹಾಕಿದೆ."

"ಇವತ್ತಾ?"

"ದಿನಾ. ಊಟಾನೂ."

ಶೇಖರಮ್ಮಾವ ಕೆಮ್ಮಿದರು. ಇಂಥ ಸಂದರ್ಭಕ್ಕೆ ಅವರು ಬಲ್ಲ ಶಾಸ್ತ್ರದಲ್ಲಿ ಏನೂ ಹೇಳಿರಲಿಲ್ಲ. ನನ್ನ ಕಡೆ ನೋಡಿದ ಅಮ್ಮನ ನೋಟಕ್ಕೆ ಬೈಗುಳವಾದರೂ ಜೊತೆಗಿದ್ದಿದ್ದರೆ ತಡೆಯಬಹುದಿತ್ತು. ಬಂದವಳು ಅಮ್ಮಮ್ಮನಲ್ಲ, ನನ್ನ ಎಂಜಲಿಗೆ ಬಂದ ಹಕ್ಕಿ ಎಂದು ನಾನು ಎಲ್ಲರ ಮುಂದೆ ಹೇಳಿದಂತಾಗಿತ್ತು.

"ಯಾಕೆ ಮೋಳೆ, ಯಾಕೆ ಮಗಳೇ, ಉಣ್ಣಲಿಲ್ಲ ನೀನು?"

ರವಿಕೆಯ ಕಥೆ ಹೇಳಿದೆ. ಅವಳು ನಂಬಲಿಲ್ಲ. ಆಗ ಎರಡನೆಯ ಕಾರಣವನ್ನೂ ಹೇಳಬೇಕಾಯಿತು. ಕಾಲೇಜಿನಲ್ಲಿ ರಕ್ತ ನೋಡಿದ್ದು, ಗಡಿಯಲ್ಲಿದೆ ಎಂದದ್ದು, ಈ ಮನೆಯಲ್ಲಿ ಆ ಮಾತನ್ನು ಮತ್ತೆ ಹೇಗೆ ಎತ್ತುವುದು ಎಂದು ಹೆದರಿದ್ದು.

ಕಾಗೆಯೂ ಕೇಳಿಸಿಕೊಳ್ಳುವಂತೆ ಕುತ್ತಿಗೆ ಓರೆ ಮಾಡಿತ್ತು. ಅಮ್ಮ ಅದರ ಕಡೆ ತಿರುಗಿದಳು.

"ಊರಲ್ಲಿ ಇಷ್ಟು ಕಾಗೆ ಇವೆ," ಎಂದಳು. "ಈ ಕುಂಟೀನೇ ಯಾಕೆ ಬಂತು ನಿನ್ನ ಕೈಗೆ?"

ನಾನು ಕಾಗೆಯ ಬಲಗಾಲನ್ನು ನೋಡಿದೆ.

"ನಿನಗೆ ಆಗದ್ದನ್ನೆಲ್ಲ ತಾನು ತಿಂದಳು. ನಾನು ಕೊಡದಿದ್ದರೂ ನಿನ್ನ ಕೈಯಿಂದ ವಸೂಲಿ ಮಾಡಿದಳು ನೋಡು, ನಮ್ಮಮ್ಮ." ಹೇಳುತ್ತ ಹೇಳುತ್ತ ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. ಅಳುತ್ತಿದ್ದಾಳೆ ಎಂದು ನಾವು ಹತ್ತಿರ ಹೋದೆವು. ನಗುತ್ತಿದ್ದಳು.

ಸಂಜೆ ಹಸಿವಾದ ಮೇಲೆ ಕಾಗೆ ಬಂದು ಇಡೀ ಅಡ ತಿಂದಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಗೆದ್ದೆನೆನ್ನಬಹುದಿತ್ತು. ಮರುದಿನದಿಂದ ಬೆಲ್ಲದ ಡಬ್ಬ ಬೀಗದೊಳಗೆ ಹೋಯಿತು. ಬೆಳಗ್ಗೆ ನನಗೆ ಮೆಂತ್ಯದ ಗಂಜಿ, ಮಧ್ಯಾಹ್ನ ಹಾಗಲಕಾಯಿ, ರಾತ್ರಿ ಹಾಗಲಕಾಯಿಯ ನೆನಪು. ಅಮ್ಮಮ್ಮನ ಪಥ್ಯವೆಲ್ಲ ಒಂದಂಶವೂ ಬಿಡದೆ ನನ್ನ ತಲೆಗೆ ಬಂತು. ತಿನ್ನುವುದಿಲ್ಲವೆಂದು ಶಪಥ ಮಾಡಿದವಳಿಗೆ ತಿನ್ನಬೇಡವೆಂದರೆ ಏನಾಗುತ್ತದೆಂದು ಆಗ ತಿಳಿಯಿತು. ಪಾಠ ಮಾಡುತ್ತಿದ್ದರೂ ಮೂಗಿನಲ್ಲಿ ಬೆಂದ ಬಾಳೆಲೆಯ ವಾಸನೆ. ಅತ್ತ ದಿನವೂ ಸಂಜೆ, ಕಾಗೆಗೆ ಬಿಸಿ ಅಡ.

ನಿನ್ನೆ ನಾನು ಹಾಗಲಕಾಯಿಯ ತಟ್ಟೆ ಹಿಡಿದು ಜಗಲಿಯಲ್ಲಿ ಕುಳಿತಿದ್ದೆ. ಕಾಗೆ ಅರ್ಧ ಅಡ ತಿಂದು ನಿಲ್ಲಿಸಿತು. ನನ್ನನ್ನು ನೋಡಿತು. ಉಳಿದ ಅರ್ಧವನ್ನು ಎಲೆಯ ಸಮೇತ ಕೊಕ್ಕಿನಿಂದ ನನ್ನ ಕಡೆ ತಳ್ಳಿತು. ಸ್ವಲ್ಪ ತಡೆದು ಮತ್ತೆ ತಳ್ಳಿತು. ಸುತ್ತ ಯಾರೂ ಇರಲಿಲ್ಲ. ನನ್ನ ಕೈ, ನನ್ನನ್ನು ಕೇಳದೆಯೇ, ಮುಂದೆ ಹೋಯಿತು.

"ಅಮ್ಮಾ, ಅವಳಿಗೆ ಕೊಡಬೇಡ!"

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೌಟು ಹಿಡಿದು ನಿಂತಿದ್ದಳು. ಬೈಯುತ್ತಿದ್ದದ್ದು ನನ್ನನ್ನಲ್ಲ.

"ಅವಳಿಗೂ ಸಕ್ಕರೆ ಇದೆ ಅಂತ ಎಷ್ಟು ಸಲ ಹೇಳೋದು ನಿನಗೆ? ಮೊದಲಿಂದಲೂ ಹೀಗೇ ನೀನು, ಹೇಳಿದ್ದು ಕೇಳೋದೇ ಇಲ್ಲ."

ವರ್ಷದಿಂದ ಈ ಮನೆಯಲ್ಲಿ ಕೇಳದಿದ್ದ ದನಿ ಅದು. ಅಮ್ಮಮ್ಮನ ಮಂಚದ ಪಕ್ಕ ನಿಂತು ದಿನಾ ಜಗಳವಾಡುತ್ತಿದ್ದ, ಜಗಳವಾಡುತ್ತಲೇ ಹೊದಿಕೆ ಸರಿಮಾಡುತ್ತಿದ್ದ ದನಿ. ಕಾಗೆ ತಪ್ಪು ಮಾಡಿ ಸಿಕ್ಕಿಬಿದ್ದ ಮುದುಕಿಯಂತೆ ತಲೆ ತಗ್ಗಿಸಿತು. ನಾನು ಕೈ ಒರೆಸಿಕೊಂಡು ಎದ್ದೆ, ಒಳಗೆ ಹೊರಟೆ.

"ನಾನಾಗಿ ಕೇಳಲಿಲ್ಲಮ್ಮ, ನಾನು ಸುಮ್ಮನೆ ಕೂತಿದ್ದೆ, ಅಮ್ಮಮ್ಮನೇ ಕರೆದು ಕೊಟ್ಟಳು," ಎಂದೆ.