ಒಂದೇ ಕುರ್ಚಿಯ ಊರು

ಕುರುಗೋಡಿನಿಂದ ಒಂದು ಹರದಾರಿ ದೂರದ ಆ ಹಳ್ಳಿಯಲ್ಲಿ ಇದ್ದದ್ದು ಒಂದೇ ಕುರ್ಚಿ. ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿತ್ತು, ಎರಡನೇ ಕುರ್ಚಿ ಮಾತ್ರ ಬಂದಿರಲಿಲ್ಲ. ಇದ್ದೊಂದು ಕುರ್ಚಿ ಶಾಲೆಯದು, ಕೂರುವ ಹಕ್ಕು ಹಂಪಯ್ಯ ಮೇಷ್ಟ್ರದು. ಆದರೆ ಯಾರ ಮನೆಗೆ ಬೀಗರು ಬಂದರೂ ಕುರ್ಚಿ ಅಲ್ಲಿಗೆ ಹೋಗುತ್ತಿತ್ತು, ಮೇಷ್ಟ್ರು ನಿಂತುಕೊಂಡೇ ಪಾಠ ಹೇಳುತ್ತಿದ್ದರು. ‘ಇಲ್ಲ’ ಎನ್ನುವುದನ್ನು ಮಕ್ಕಳಿಗೆ ಬರೆಯಲು ಕಲಿಸಿದ್ದರೇ ಹೊರತು ತಾವು ಹೇಳಲು ಕಲಿತಿರಲಿಲ್ಲ.

ಆ ಸೋಮವಾರ ಮುಂಜಾನೆ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಶಾಲೆಗೆ ಬಂದು ನೋಡಿದರೆ ಕುರ್ಚಿ ಇಲ್ಲ. ಮಧ್ಯಾಹ್ನಕ್ಕೆ ಬಳ್ಳಾರಿಯಿಂದ ಹೊಸ ಇನ್‌ಸ್ಪೆಕ್ಟರು ಬರುವವರಿದ್ದರು. ಅವರು ಮನಸ್ಸು ಮಾಡಿದರೆ ಮೇಷ್ಟ್ರಿಗೆ ಸಿರುಗುಪ್ಪೆಗೆ ವರ್ಗ. ಅಲ್ಲಿ ಹೆಂಡತಿ ಗಾದೆಮ್ಮ, ಹಾಸಿಗೆ ಹಿಡಿದ ತಾಯಿ, ಪುಟ್ಟ ಮಗಳು. ಹೋದ ಶನಿವಾರ ಮನೆಗೆ ಹೋದಾಗ ಆ ಮಗಳು ಬಾಗಿಲಲ್ಲಿ ನಿಂತು, “ಅವ್ವಾ, ಯಾರೋ ಬಂದಾರ” ಎಂದು ಕೂಗಿದ್ದಳು. ಆ ಮಾತು ಮೇಷ್ಟ್ರಿಗೆ ಇನ್ನೂ ಚುಚ್ಚುತ್ತಿತ್ತು. ಇತ್ತ ಪಕ್ಕದೂರಿನ ಮೇಷ್ಟ್ರು ಹಿಂದಿನ ಇನ್‌ಸ್ಪೆಕ್ಟರಿಗೆ ಚಾಪೆ ಹಾಸಿ ಕೂರಿಸಿದ್ದಕ್ಕೆ, ಈಗ ಆದವಾನಿಯ ಆಚೆ ತೆಲುಗು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದರು.

ಮಕ್ಕಳಿಗೆ ಮಗ್ಗಿ ಹೇಳಲು ಹಚ್ಚಿ ಮೇಷ್ಟ್ರು ಓಬಣ್ಣನ ಮನೆಗೆ ಓಡಿದರು. ಶುಕ್ರವಾರ ಕುರ್ಚಿ ಒಯ್ದವನು ಅವನೇ.

“ನಮ್ಮತ್ತಿ ಬಂದಿದ್ಲಲ್ರೀ, ಆಕಿ ಕುಂತ್ಲು,” ಎಂದ ಓಬಣ್ಣ, ತಲೆ ಕೆರೆದುಕೊಳ್ಳುತ್ತ. “ಹಿಂದಿನ ಬಲಗಾಲು ಒಂಚೂರು ಲಟಕ್ಕಂತು. ರಿಪೇರಿ ಮಾಡ್ಸಿ ಕೊಡೂಣು ಅಂತ ಗೌಸಸಾಬನ ಹತ್ರ ಕೊಟ್ಟೀನಿ.”

“ಲೇ, ಅವ ಟೇಲರ್ ಅದಾನೋ! ಬಡಿಗ್ಯಾ ಅಲ್ಲ!”

“ಊರಾಗ ಬಡಿಗ್ಯಾ ಇಲ್ಲಲ್ರೀ ಮತ್ತ.”

ಮೇಷ್ಟ್ರು ಅಲ್ಲಿಗೆ ಓಡಿದಾಗ ಗೌಸಸಾಬ್ ಮಷೀನು ತುಳಿಯುವುದನ್ನು ನಿಲ್ಲಿಸಿ ಹೆಮ್ಮೆಯಿಂದ ಹೇಳಿದ: “ಗಟ್ಟಿ ದಾರ ಸುತ್ತಿ ಮ್ಯಾಲೆ ಖಾಕಿ ಬಟ್ಟಿ ಹೊಲ್ದೀನ್ರೀ. ಎಡಕ್ಕ ವಾಲಿ ಕುಂತ್ರ ಏನೂ ಆಗಂಗಿಲ್ಲ. ಬಲಕ್ಕ ವಾಲಿದ್ರ ನನ್ನ ಕೇಳಬ್ಯಾಡ್ರಿ.”

“ಈಗೆಲ್ಲೈತಿ ಅದು?”

“ಮುಂಜಾನಿ ಗಾದಿಲಿಂಗಪ್ಪ ಒಯ್ದ. ಮಗಳು ಯಂಕಮ್ಮನ್ನ ನೋಡಾಕ ಬಳ್ಳಾರಿ ಮಂದಿ ಬರ್ತಾರಂತ. ವಾಲೋ ಸುದ್ದಿ ಹೇಳಾಕ ಮರ್ತೆ ನೋಡ್ರಿ.”

ಮೇಷ್ಟ್ರು ಹೋಗುವಷ್ಟರಲ್ಲಿ ಗಾದಿಲಿಂಗಪ್ಪನ ಪಡಸಾಲೆ ತುಂಬಿತ್ತು. ಕುರ್ಚಿಯ ಮೇಲೆ ಜರಿ ರುಮಾಲಿನ ದಪ್ಪನೆಯ ಹಿರಿಯರೊಬ್ಬರು ಕೂತಿದ್ದರು, ವರನ ತಂದೆ. ಅವರು ವಾಲಿದ್ದು ಬಲಕ್ಕೆ.

“ಗಾದಿಲಿಂಗಪ್ಪಾ, ಕುರ್ಚಿ—” ಎಂದು ಮೇಷ್ಟ್ರು ಪಿಸುಗುಟ್ಟಿದರು.

ಗಾದಿಲಿಂಗಪ್ಪ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡ. “ನಿಮ್ಮ ಕಾಲಿಗೆ ಬೀಳ್ತೀನ್ರೀ. ಎರಡು ಸಂಬಂಧ ಮುರದಾವು. ಹುಡುಗ ಬಳ್ಳಾರಿಯಾಗ ಗುಮಾಸ್ತ, ತಂದಿಗೂ ಸರಕಾರಿ ನೌಕರಿ ಅಂತ. ಈಗ ಎದ್ದೇಳ್ರಿ ಅನ್ನೂದು ಹೆಂಗ್ರೀ?”

ಅಷ್ಟರಲ್ಲಿ ಕುರ್ಚಿ ಕಿರ್ ಎಂದಿತು. ಖಾಕಿ ಬಟ್ಟೆಯ ಹೊಲಿಗೆ ಬಿಡುತ್ತಿರುವುದು ಮೇಷ್ಟ್ರಿಗೆ ಕಂಡಿತು. ಒಳಬಾಗಿಲಲ್ಲಿ ಯಂಕಮ್ಮ ಎಲೆ ಅಡಿಕೆಯ ತಟ್ಟೆ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು. ಐದನೇ ಕ್ಲಾಸಿಗೆ ಅಪ್ಪ ಶಾಲೆ ಬಿಡಿಸಿದ ದಿನ ಅವಳು ಹೀಗೆಯೇ ನಿಂತಿದ್ದಳು. ಕುರ್ಚಿ ಬಿಡಿಸಿಕೊಳ್ಳಲು ಬಂದಿದ್ದ ಮೇಷ್ಟ್ರು ಹಿರಿಯರ ಹಿಂದೆ ಹೋಗಿ ನಿಂತು ಎರಡೂ ಕೈಯಿಂದ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಇವರ‍್ಯಾರು, ಬೆನ್ನ ಹಿಂದ?” ಎಂದು ಹಿರಿಯರು ಕತ್ತು ತಿರುಗಿಸಿದರು.

“ಹುಡುಗಿ ಮೇಷ್ಟ್ರು ರೀ,” ಎಂದ ಗಾದಿಲಿಂಗಪ್ಪ. “ದೊಡ್ಡೋರು ಬಂದಾಗ ಹಿಂಗ ನಿಲ್ಲೂದು ಅವರ ಮರ್ಯಾದಿ.”

“ಹೌದಾ? ಹಂಗಾದ್ರ ಮೇಷ್ಟ್ರೇ, ನೀವ ಹೇಳ್ರಿ. ನನ್ನ ಮಗಗ ಓದಿದ ಹುಡುಗೀನ ಬೇಕಂತ. ಇದು ಐದಕ್ಕೇ ಬಿಟ್ಟೈತಿ.”

ದೂರದಿಂದ ಹದಿಮೂರರ ಮಗ್ಗಿ ಕೇಳುತ್ತಿತ್ತು. ಮೇಷ್ಟ್ರ ತೋಳು ಸೋಲುತ್ತಿದ್ದವು, ಬೆವರು ಕೋಟಿನೊಳಗೆ ಹರಿಯುತ್ತಿತ್ತು. ಆದರೂ ಶಿಷ್ಯೆಯ ಮುಖ ನೋಡಿ ಅವರಿಗೆ ಎಲ್ಲಿಲ್ಲದ ಹುರುಪು ಬಂತು.

“ಸ್ವಾಮೀ, ಇಂಥ ಚುರುಕು ಹುಡುಗಿ ನನ್ನ ಕೈಯಾಗ ಇನ್ನೊಂದು ಬಂದಿಲ್ಲ. ಮೂರು ವರ್ಷ ನನಗ ಬಿಡ್ರಿ, ಎಂಟನೇ ಕ್ಲಾಸು ಪಾಸ್ ಮಾಡ್ಸಿ ಕೊಡ್ತೀನಿ. ನನ್ನಂಗ ಹೇಳಿಕೊಡೋರು ಈ ತಾಲೂಕಿನ್ಯಾಗ ಮತ್ತೊಬ್ಬರಿಲ್ಲ!”

ತಮ್ಮ ಬಗ್ಗೆ ಇಷ್ಟು ದೊಡ್ಡ ಮಾತನ್ನು ಮೇಷ್ಟ್ರು ಜೀವನದಲ್ಲೇ ಆಡಿರಲಿಲ್ಲ. ಹಿರಿಯರು ಮೀಸೆಯ ಮೇಲೆ ಕೈಯಾಡಿಸಿದರು. ಎಲೆ ಅಡಿಕೆ ಬದಲಾಯಿಸಿಕೊಂಡು ಸಂಬಂಧ ಗಟ್ಟಿ ಮಾಡಿದರು.

ಎಲ್ಲರೂ ಊಟಕ್ಕೆ ಎದ್ದದ್ದೇ ತಡ, ಮೇಷ್ಟ್ರು ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಓಡಿದರು. ಶಾಲೆಗೆ ತಂದು, ಮುರಿದ ಸ್ಲೇಟೊಂದನ್ನು ಕಾಲಿನ ಕೆಳಗೆ ಕೊಟ್ಟು, ಕೋಟು ಕೊಡವಿ ನಿಂತರು. ಇನ್‌ಸ್ಪೆಕ್ಟರು ಇನ್ನೂ ಬಂದಿರಲಿಲ್ಲ. ಹೋದ ಜೀವ ಮರಳಿ ಬಂದಂತಾಯಿತು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಜರಿ ರುಮಾಲು ಕಾಣಿಸಿತು. ಈಗ ಅದರ ಕೆಳಗೆ ಕೋಟು ಸೇರಿತ್ತು, ಹಿಂದೆ ಜವಾನನಿದ್ದ.

“ನಾನ ರೀ ಇನ್‌ಸ್ಪೆಕ್ಟರು. ಬೀಗರಿಗೂ ಹೇಳಿದ್ದಿಲ್ಲ,” ಎಂದು ಹಿರಿಯರು ನಕ್ಕರು. “ಸಾಲಿ ಬಿಟ್ಟು ಎಲ್ಲಿದ್ರಿ ಅಂತ ನಾ ಕೇಳಂಗಿಲ್ಲ. ಡ್ಯೂಟಿ ಬಿಟ್ಟು ಎಲ್ಲಿದ್ದೆ ಅಂತ ನೀವೂ ಕೇಳಬ್ಯಾಡ್ರಿ. ಮಕ್ಕಳು ಮಗ್ಗಿ ಚಲೋ ಹೇಳ್ತಾವು. ನಿಮಗೇನು ಬೇಕು, ಬಾಯಿ ಬಿಟ್ಟು ಕೇಳ್ರಿ.”

ಮೇಷ್ಟ್ರ ಕಣ್ಣ ಮುಂದೆ ಮಗಳು ಬಾಗಿಲಿಗೆ ಓಡಿ ಬಂದು “ಅಪ್ಪಾ” ಎಂದಂತಾಯಿತು. “ಸಿರುಗುಪ್ಪೆಗೆ ವರ್ಗ ಮಾಡ್ಸಿ ಕೊಟ್ರ ಸಾಕ್ರೀ. ಮನಿ ಮಂದಿ ಎಲ್ಲಾ ಅಲ್ಲೇ ಅದಾರ.”

“ವರ್ಗ!” ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಕೂರದೆ ನಿಂತೇ ಹೇಳಿದರು. “ಎಂಥ ಮಾತ್ರೀ! ನನ್ನ ಸೊಸಿ ಎಂಟನೇ ಕ್ಲಾಸು ಪಾಸಾಗಬೇಕಲ್ಲ. ಆಮ್ಯಾಲ ಮದುವಿ ಅಂತ ಈಗ ಮಾತಾತು. ನಿಮ್ಮಂಗ ಹೇಳಿಕೊಡೋರು ತಾಲೂಕಿನ್ಯಾಗ ಮತ್ತೊಬ್ಬರಿಲ್ಲ ಅಂತ ನೀವ ಅಂದ್ರಿ. ಚಿಂತಿ ಮಾಡಬ್ಯಾಡ್ರಿ, ಮೂರು ವರ್ಷ ನಿಮ್ಮನ್ನ ಈ ಊರಿಂದ ಯಾರೂ ಅಲುಗಾಡ್ಸದಂಗ ನಾ ನೋಡ್ಕೊಂತೀನಿ!”

ಬೆನ್ನು ತಟ್ಟಿ ಅವರು ಹೊರಟುಹೋದರು.

ಮೇಷ್ಟ್ರು ಬೆಳಗಿನಿಂದ ಮೊದಲ ಸಲ ಕುರ್ಚಿಯಲ್ಲಿ ಕೂತರು. ದುಃಖದಲ್ಲಿ ಎಡ ಯಾವುದು, ಬಲ ಯಾವುದು ಎಂದು ನೆನಪಾಗಲಿಲ್ಲ. ಲಟಕ್ಕೆಂಬ ಸದ್ದಿಗೆ ಮಕ್ಕಳ ಮಗ್ಗಿ ನಿಂತಿತು.

ನೆಲದ ಮೇಲೆ ಕೂತಿದ್ದ ಮೇಷ್ಟ್ರನ್ನು ಬಾಗಿಲಿನಿಂದ ಓಬಣ್ಣ ನೋಡಿದ. ಅವನ ಮುಖದಲ್ಲಿ ನಿಜವಾದ ಸಂಕಟವಿತ್ತು.

“ಅಯ್ಯಯ್ಯೋ ಮೇಷ್ಟ್ರೇ, ಏನು ಮಾಡಿಬಿಟ್ರಿ! ನಮ್ಮತ್ತಿ ನಾಳಿ ಮತ್ತ ಬರ್ತಾಳಲ್ರೀ!”